ಎರಡಡಿ ದೂರ

ಭೋಸರಿಯ ಆಷಾಢಕ್ಕೆ ಬಣ್ಣದ ಮೇಲೆ ಹಗೆ.
ಬೆಳಿಗ್ಗೆ ಹೊಡೆದದ್ದು ಸಂಜೆಗೂ ಬೆರಳಿಗಂಟುತ್ತದೆ,
ಪ್ರೈಮರು ಬೆವರುತ್ತದೆ, ಬಾನೆಟ್ಟು ಬೆವರುತ್ತದೆ.
ತಗಡಿನ ಮಾಡಿನ ಕೆಳಗೆ ನಾವು ಐದು ಮಂದಿ,
ಥಿನ್ನರ್ ವಾಸನೆಯ ಅಂಗಿಯಲ್ಲಿ,
ಮಳೆ ನಿಲ್ಲಲೆಂದು ಕಾಯುವುದೇ ಅರ್ಧ ಸಂಬಳದ ಕೆಲಸವಾಗಿತ್ತು

ಕುದಳೆ ಸೇಠ ದೀಪ ತರುವ ತನಕ.

ಗಾಲಿಯ ಮೇಲೆ ನಿಂತ ಕೊಕ್ಕರೆ.
ಮೂರು ಗಾಜಿನ ನಳಿಗೆ, ಬೆನ್ನಿಗೊಂದು ಹೊಳೆವ ತಗಡು,
ಗುಂಡಿ ಒತ್ತಿದರೆ ನಿಗಿನಿಗಿ ಕೆಂಪು.
"ಆ ಕೆಂಪ ನೋಡಬ್ಯಾಡ," ಅಂದ ಮೈಬೂಬಸಾಬ, ಹೊರ್ತಿಯವ,
ನನಗೆ ಗನ್ ಹಿಡಿಯಲು ಕಲಿಸಿದವ,
"ಅದು ಬರೇ ತುಳುಕಿದ್ದು. ದುಡಿಯೂದು ಕಣ್ಣಿಗೆ ಕಾಣಾಂಗಿಲ್ಲ."

ಬಿಸಿಗಾಳಿ ಅವಸರದ ಬೀಗರ ಹಾಗೆ ಮೇಲುಮೇಲೆ ಮಾತಾಡಿಸಿ ಹೋಗುತ್ತದೆ.
ಹಾಲಿಗೆ ಕೆನೆ ಕಟ್ಟಿದಂತೆ ಬಣ್ಣಕ್ಕೆ ತೊಗಲು ಕಟ್ಟಿ
ಒಳಗಿನ ಹಸಿ ಒಳಗೇ ಉಳಿದು
ಸೂಜಿಮೊನೆಯಷ್ಟು ತೂತು ಕೊರೆದುಕೊಂಡು ಹೊರಬೀಳುತ್ತದೆ.
ಇದು ಹಾಗಲ್ಲ. ಹಸಿಬಣ್ಣವನ್ನು ದಾಟಿ
ತಗಡಿನ ಕದ ತಟ್ಟುತ್ತದೆ.
ತಗಡು ಕಾದು, ತಳದಿಂದ ಗಟ್ಟಿಯಾಗುತ್ತ ಬಂದು,
ಕಟ್ಟಕಡೆಗೆ ಮೈ.
ಅಲ್ಲಿಯ ತನಕ ಥಿನ್ನರಿಗೆ ಬಾಗಿಲು ತೆರೆದೇ ಇರುತ್ತದೆ.

ಎರಡಡಿ ದೂರ. ಹತ್ತಿರ ತಂದರೆ ಕುದಿಯುತ್ತದೆ,
ದೂರ ಸರಿಸಿದರೆ ಸೇಠನ ಕರೆಂಟ್ ಬಿಲ್ಲು.
ಕರಿ ಗಾಡಿ ಗಟಗಟ ಕುಡಿಯುತ್ತದೆ, ಬಿಳಿಗೆ ಕೊಂಚ ಬಿಂಕ.
ಬಾಗಿಲ ಹಿಂಬದಿಗೆ ಮೈಬೂಬಸಾಬ ಮುಂಗೈ ತಾಗಿಸಿ ನೋಡುತ್ತಾನೆ,
ಬೆರಳ ತುದಿಯ ಅರಿವನ್ನು ಥಿನ್ನರ್ ಎಂದೋ ತಿಂದಿದೆ.

ಊಟದ ಹೊತ್ತು, ಸೇಠ ಇಲ್ಲದಾಗ,
ಕಾಲುಚೀಲಗಳನ್ನು ಅದರೆದುರು ಸಾಲಾಗಿ ತೂಗುಹಾಕುತ್ತೇವೆ.
ಮೈಬೂಬಸಾಬ ಅಂಗಿ ಸರಿಸಿ ಬಲಹೆಗಲು ಒಡ್ಡುತ್ತಾನೆ,
ಮೂವತ್ತು ವರ್ಷ ಗನ್ ಎತ್ತಿದ ಹೆಗಲು.
"ದವಾಖಾನ್ಯಾಗ ಇದಕ್ಕ ಇನ್ನೂರೈವತ್ತು ತಗೋತಾರ,
ಇಲ್ಲಿ ಬರೇ ಬೈಗುಳ."
ಎರಡಡಿ, ಅನ್ನುತ್ತೇನೆ. ಚಾಚಾ, ಎರಡಡಿ.

ಆ ಗುರುವಾರ ಹಳದಿ ವ್ಯಾನು ಬಂತು.
ವತ್ಸಲಾಬಾಯಿ ಢಮಢೆರೆ, ಶಾಲೆಯ ಗೇಟಿನ ಕಂಬಕ್ಕೆ ಉಜ್ಜಿಸಿಕೊಂಡು,
ಹಿಂದಿನ ಸೀಟಿನಲ್ಲಿ ಮೊಮ್ಮಗಳು ಜುಯಿ.
ನಾಳೆ ಆರೂವರೆಗೆ ಹದಿನಾಲ್ಕು ಮಕ್ಕಳು ರಸ್ತೆಗೆ ಬಂದು ನಿಂತಿರುತ್ತಾರೆ.
ತಗ್ಗು ಎತ್ತಿ, ಪುಟ್ಟಿ ತುಂಬಿ, ದೀಪ;
ತಿಕ್ಕಿ, ಪ್ರೈಮರ್, ದೀಪ;
ಹಳದಿ. ಹಳದಿಯ ಮೇಲೆ ನೀರಿನಂಥ ಕ್ಲಿಯರ್ ಕೋಟು.
ಇನ್ನು ಹತ್ತು ನಿಮಿಷ ಸುಮ್ಮನೆ ಬಿಡಬೇಕು, ಆಮೇಲೆ ದೀಪ.
ನಾನು ವಾಯರು ಎಳೆಯಲು ತಿರುಗಿದ್ದೆ.

"ವಾಳಲಂ ಕಾ?"
ಒಣಗಿತಾ ಎಂದು ಕೇಳಿಯೇಬಿಟ್ಟಿತ್ತು ಹುಡುಗಿ
ಹೆಬ್ಬೆರಳಿನಿಂದ, ಹಿಡಿಕೆಯ ಕೆಳಗೆ.

ತಿಕ್ಕಿ ಮತ್ತೆ ಹೊಡೆಯಬೇಕು, ಅಂದೆ. ಇನ್ನೂ ಮೂರು ತಾಸು.
ವತ್ಸಲಾಬಾಯಿ ಗಡಿಯಾರ ನೋಡಿದಳು, ಮಗುವನ್ನು ನೋಡಿದಳು,
ಬೈಯಲು ತೆರೆದ ಬಾಯಲ್ಲೇ ಬಗ್ಗಿ ಕಲೆಯನ್ನು ನೋಡಿದಳು.
"ನಾಳೆಯಿಂದ ಎಲ್ಲಾ ಕೈ ಬೀಳೂದು ಅಲ್ಲೇ. ಇರಲಿ ಬಿಡಿ."

ಧೂಳಿನ ಒಂದು ಕಣ ಕೂತರೆ ಇಡೀ ಬಾಗಿಲು ಕೆರೆಸುವ ಮೈಬೂಬಸಾಬ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ತಾನೇ ದೀಪ ತಳ್ಳಿಕೊಂಡು ಬಂದ.
ತೋಳು ಚಾಚಿ ಎರಡಡಿ ಅಳೆದ.
ಇಪ್ಪತ್ತು ನಿಮಿಷ: ಮೊದಲು ತಗಡು, ಆಮೇಲೆ ಹಳದಿ,
ಕೊನೆಗೆ ಆ ಸಣ್ಣ ಸುಳಿಯ ಒಂದೊಂದೇ ಗೆರೆ.

ದೀಪಾವಳಿಯ ಹಿಂದುಮುಂದು, ನಾಶಿಕ್ ಫಾಟಾ ಸಿಗ್ನಲ್ಲಿನಲ್ಲಿ
ನನ್ನ ಬೈಕಿನ ಪಕ್ಕ ಬಂದು ನಿಂತಿತು ಅದೇ ವ್ಯಾನು,
ಒಳಗೆ ಗದ್ದಲ, ನೀರಿನ ಬಾಟಲಿ, ಯಾರದೋ ಅಳು.
ಅಂದು ಬೆಳಕಿಗೆ ಓರೆ ಹಿಡಿದರಷ್ಟೇ ಕಾಣುತ್ತಿದ್ದ ಗುರುತಿನೊಳಗೆ
ಈಗ ಊರ ಧೂಳು ಕೂತು
ಗೆರೆಗೆರೆಯೂ ಎಣಿಸುವಷ್ಟು ಕಪ್ಪು.

ಎಣಿಸತೊಡಗಿದ್ದೆ. ಹಸಿರು ಬಿತ್ತು.